ಗಿರಣಿಯಿಂದ ಬಂದವರ ಬೆಂಚು

ಮುಂಬೈಯ ನಮ್ಮ ರಾತ್ರಿಶಾಲೆಯ ಮಾತು ಬಂದರೆ ಹೋಟೆಲ್ ಹುಡುಗರ ಮಾತು ಬಂದೇ ಬರುತ್ತದೆ. ಹಗಲು ಟೇಬಲ್ ಒರೆಸಿ, ರಾತ್ರಿ ಓದಿ, ಮುಂದೆ ವಕೀಲರೋ ಬ್ಯಾಂಕ್ ಮ್ಯಾನೇಜರೋ ಆದವರು. ಅದು ಹೆಮ್ಮೆಯ ವಿಷಯವೇ. ಆದರೆ ನಾನು ಓದಿದ ಕಾಲದಲ್ಲಿ, ಅಂದರೆ 1979ರಿಂದ 82ರವರೆಗೆ, ಕ್ಲಾಸಿನ ಹಿಂದಿನ ಬೆಂಚುಗಳೆಲ್ಲ ತುಂಬುತ್ತಿದ್ದದ್ದು ಬಟ್ಟೆ ಗಿರಣಿಯವರಿಂದ. ಮಗ್ಗ ನಡೆಸುವವರು, ಬದಲಿ ಕೆಲಸದವರು, ಗಿರಣಿ ಕ್ಯಾಂಟೀನಿನ ನನ್ನಂಥ ಹುಡುಗರು. ಶಾಲೆಯ ಚರಿತ್ರೆಯಲ್ಲಿ ಇವರ ಹೆಸರೇ ಇಲ್ಲ ಎನ್ನುವುದು ನನಗೆ ಬಹಳ ದಿನದಿಂದ ಕೊರೆಯುತ್ತಿದೆ.

ಇವತ್ತಿನ ಮಕ್ಕಳಿಗೆ ಲೋವರ್ ಪರೇಲ್ ಅಂದರೆ ಮಾಲ್, ಗಾಜಿನ ಆಫೀಸು. ಆಗ ಪರೇಲ್, ಲಾಲ್‌ಬಾಗ್, ವರ್ಲಿ, ಬೈಕುಲಾ, ಶಿವ್ಡಿ ಎಲ್ಲ ಸೇರಿ ಗಿರಣ್‌ಗಾಂವ್, ಅಂದರೆ ಗಿರಣಿಗಳ ಊರು. 1854ರಲ್ಲಿ ಕಾವಸ್‌ಜಿ ದಾವರ್ ತಾರ್‌ದೇವ್‌ನಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿ ಶುರು ಮಾಡಿದರು. ಆಮೇಲೆ ಗಿರಣಿಯ ಪಕ್ಕ ಗಿರಣಿ ಎದ್ದಿತು. ಕೊಂಕಣ, ಸಾತಾರಾ, ಕೊಲ್ಲಾಪುರದ ಕಡೆಯಿಂದ ಜನ ಬಂದರು. ಭಾನುವಾರದ ರಜೆ ಕೂಡ ಸುಮ್ನೆ ಸಿಕ್ಕಿದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಸಿಕ್ಕಿದ್ದು. ಭಾನುವಾರ ನಮ್ಮ ಶಾಲೆಯಲ್ಲಿ ಸ್ಪೆಷಲ್ ಕ್ಲಾಸ್ ನಡೆಯುತ್ತಿತ್ತಲ್ಲ, ಅದರ ಹಿಂದೆ ಆ ಮನುಷ್ಯನ ಋಣವೂ ಇದೆ.

ಕುಂದಾಪುರದ ಕಡೆಯ ಹುಡುಗನಾದ ನಾನು ಗಿರಣಿಗೆ ಹೋದದ್ದು ಒಂದು ಕಾನೂನಿನ ದಾರಿಯಿಂದ. 250ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಕ್ಯಾಂಟೀನ್ ಇರಬೇಕು ಅಂತ ಆಗಿನ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ನಮ್ಮ ಕ್ಯಾಂಟೀನಿನ ಕಂಟ್ರಾಕ್ಟ್ ಹಿಡಿದವರು ಊರಿನ ಕಡೆಯವರು. ಅವರ ಹಿಂದೆ ನಾವು. ಕೆಟಲ್ ಹಿಡಿದು ನೇಯ್ಗೆ ಖಾತೆಗೆ ಹೋದರೆ ಕಿವಿಗೆ ಮಗ್ಗದ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಎಲ್ಲ ಕೈಸನ್ನೆ. ಎರಡು ಬೆರಳು ತೋರಿಸಿದರೆ ಎರಡು ಚಹಾ, ಬೆರಳು ಮಡಚಿದರೆ ಕಟಿಂಗ್ (ಅರ್ಧ ಲೋಟ ಚಹಾ), ಅಂಗೈ ಮೇಲೆ ಗೀಚಿದರೆ ಲೆಕ್ಕಕ್ಕೆ ಬರೆದುಕೋ ಅಂತ. ನೂಲುವ ಖಾತೆಯಲ್ಲಿ ಎಳೆ ತುಂಡಾಗಬಾರದು ಅಂತ ಗಾಳಿಯನ್ನು ಬಿಸಿಯಾಗಿ, ತೇವವಾಗಿ ಇಟ್ಟಿರುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೇ ಅಂಗಿ ಮೈಗೆ ಅಂಟುತ್ತಿತ್ತು. ವಯಸ್ಸಾದ ನೇಕಾರರೊಬ್ಬರು ಲಾಳಿಯ ಸಣ್ಣ ತೂತಿಗೆ ಬಾಯಿಟ್ಟು, ಉಸಿರೆಳೆದು, ನೂಲಿನ ತುದಿಯನ್ನು ಹೊರಗೆ ತರುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತಿತ್ತು. ಆ ಉಸಿರಿನ ಜೊತೆ ಹತ್ತಿಯ ಧೂಳೂ ಒಳಗೆ ಹೋಗುತ್ತಿತ್ತು ಅಲ್ವಾ? ಅವರ ಕೆಮ್ಮು ನನಗೆ ಇನ್ನೂ ನೆನಪಿದೆ.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದದ್ದು ಅಕ್ಕಲಕೋಟೆ ಕಡೆಯ ಒಬ್ಬ ಅಣ್ಣ. ನನಗಿಂತ ಹತ್ತು ವರ್ಷವಾದರೂ ದೊಡ್ಡವ. ಮನೆಯಲ್ಲಿ ಕನ್ನಡ, ಗಿರಣಿಯಲ್ಲಿ ಮರಾಠಿ. ಅವನು ಬದಲಿ ಕಾಮಗಾರ. ಅಂದರೆ ದಿನಾ ಗೇಟಿಗೆ ಹೋಗಿ ನಿಲ್ಲಬೇಕು, ಯಾರಾದರೂ ಗೈರಾದರೆ ಕೆಲಸ, ಇಲ್ಲದಿದ್ದರೆ ವಾಪಸ್. ಎರಡನೇ ಪಾಳಿ ಸಿಕ್ಕಿದ ದಿನ ಕ್ಲಾಸಿಗೆ ಬರಲು ಆಗುತ್ತಿರಲಿಲ್ಲ. "ತಮ್ಮಾ, ನಿನ್ನಿ ಸರ್ ಏನ್ ಹೇಳ್ಯಾರ, ಒಂಚೂರು ತೋರ್ಸು" ಅಂತ ನನ್ನ ನೋಟ್‌ಬುಕ್ ಎಳೆದುಕೊಳ್ಳುತ್ತಿದ್ದ. ನಮ್ಮ ಸರ್ ಹಗಲು ಆಫೀಸಿನಲ್ಲಿ ದುಡಿದು ರಾತ್ರಿ ಪಾಠ ಮಾಡುವವರು. ಪಾಳಿ ತಪ್ಪಿಸಿದವರಿಗಾಗಿಯೇ ಭಾನುವಾರ ಅದೇ ಗಣಿತವನ್ನು ಮತ್ತೆ ಹೇಳಿಕೊಡುತ್ತಿದ್ದರು. ಒಂದು ದಿನವೂ ಮುಖ ಸಿಂಡರಿಸಿದ್ದನ್ನು ನಾನು ನೋಡಿಲ್ಲ.

ಆ ಅಣ್ಣ ಇದ್ದದ್ದು ಡಿಲೈಲ್ ರೋಡಿನ ಬಿಡಿಡಿ ಚಾಳ್‌ನಲ್ಲಿ. 1920ರ ದಶಕದಲ್ಲಿ ಸರಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಬಿಡಿಡಿ) ಕಟ್ಟಿಸಿದ ಚಾಳ್‌ಗಳು, ಅಂದರೆ ಸಾಲು ಖೋಲಿಗಳ ವಠಾರಗಳು ಅವು. ವರ್ಲಿ, ನಾಯ್‌ಗಾಂವ್, ಶಿವ್ಡಿಯವೂ ಸೇರಿ 207 ಕಟ್ಟಡ. ಒಂದು ಖೋಲಿ ಅಂದರೆ 160 ಚದರಡಿ. ಅದರಲ್ಲಿ ಒಂದೇ ಊರಿನ ಗಂಡಸರು ಪಾಳಿಯ ಪ್ರಕಾರ ಮಲಗುತ್ತಿದ್ದರು. ಒಬ್ಬ ಏಳುವಾಗ ಇನ್ನೊಬ್ಬ ಅದೇ ಚಾಪೆಗೆ. ಊಟ ಪಕ್ಕದಲ್ಲಿ ಖಾನಾವಳಿ ನಡೆಸುವ ಹೆಂಗಸಿನ ಹತ್ತಿರ, ತಿಂಗಳ ಲೆಕ್ಕ. ಇಂಥ ಹೆಂಗಸರನ್ನೇ ಒಟ್ಟುಗೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು.

1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ನಾಯಕ ಡಾಕ್ಟರ್ ದತ್ತಾ ಸಾಮಂತ್. ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಸಂಬಳ ಹೆಚ್ಚಬೇಕು ಎನ್ನುವುದರ ಜೊತೆಗೆ, ಒಂದೇ ಯೂನಿಯನ್ನಿಗೆ ಮಾತಾಡುವ ಹಕ್ಕು ಕೊಟ್ಟಿದ್ದ 1946ರ ಕಾಯ್ದೆ ಹೋಗಬೇಕು ಎನ್ನುವುದೂ ಬೇಡಿಕೆಯಾಗಿತ್ತು. ನನ್ನ ಮಟ್ಟಿಗೆ ಅದು ನ್ಯಾಯದ ಬೇಡಿಕೆ. ಸೋತವರನ್ನು ಹಟಮಾರಿಗಳು ಅಂತ ಈಗಲೂ ಕೆಲವರು ಬೈಯುವುದು ಕೇಳಿದರೆ ನೋವಾಗುತ್ತದೆ.

ಗಿರಣಿ ನಿಂತಿತು, ಕ್ಯಾಂಟೀನೂ ನಿಂತಿತು. ನನ್ನ ಎರಡು ತಿಂಗಳ ಸಂಬಳ ಬರಲೇ ಇಲ್ಲ, ಮಲಗುವ ಜಾಗವೂ ಹೋಯಿತು. ಮಾರ್ಚ್‌ನಲ್ಲಿ ಎಸ್ಸೆಸ್ಸಿ, ಅಂದರೆ ಹತ್ತನೇ ಕ್ಲಾಸಿನ ಪರೀಕ್ಷೆ. ಸರ್ ತಮ್ಮ ಮನೆಯ ವರಾಂಡದಲ್ಲಿ ಜಾಗ ಕೊಟ್ಟರು. ಅಲ್ಲೇ ಓದಿ ಪಾಸಾದೆ. ಅಕ್ಕಲಕೋಟೆಯ ಅಣ್ಣ ಪರೀಕ್ಷೆಗೆ ಕೂರಲಿಲ್ಲ. ಖಾನಾವಳಿಯ ಬಾಕಿ ತೀರಿಸಲು ಕೈಗಡಿಯಾರ ಮಾರಿ ಊರಿಗೆ ಹೋದ. ಮತ್ತೆ ಸಿಗಲಿಲ್ಲ.

ಆ ಮುಷ್ಕರವನ್ನು ಅಧಿಕೃತವಾಗಿ ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಕೆಲವು ಗಿರಣಿ ಕಡಿಮೆ ಜನರನ್ನಿಟ್ಟುಕೊಂಡು ನಡೆದವು, ಎಷ್ಟೋ ಮುಚ್ಚಿದವು. 1991ರ ನಗರಾಭಿವೃದ್ಧಿ ನಿಯಮದಲ್ಲಿ ಗಿರಣಿ ಜಮೀನಿನ ಮೂರನೇ ಒಂದು ಪಾಲು ಊರಿನ ಬಯಲಿಗೆ, ಇನ್ನೊಂದು ಪಾಲು ಬಡವರ ಮನೆಗೆ ಅಂತಿತ್ತು. 2001ರಲ್ಲಿ ಅದನ್ನು ತಿದ್ದಿ, ಖಾಲಿ ಬಿದ್ದಿದ್ದ ಜಾಗವನ್ನಷ್ಟೇ ಪಾಲು ಮಾಡುವಂತೆ ಮಾಡಿದರು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬಿಡಿಡಿ ಚಾಳ್‌ಗಳ ಜಾಗದಲ್ಲೂ ಈಗ ಟವರ್ ಏಳುತ್ತಿದೆ. ಅಲ್ಲೇ ಉಳಿದವರಿಗೆ ದೊಡ್ಡ ಮನೆ ಸಿಗುತ್ತಿದೆ, ಸಂತೋಷ. 1982ರಲ್ಲಿ ಊರಿಗೆ ಹೋದವರಿಗೆ?

ಸಂಪಾದಕರಲ್ಲಿ ಒಂದು ಕೋರಿಕೆ. ಶಾಲೆಯ ಕಪಾಟಿನಲ್ಲಿ 1981-82ರ ಹಾಜರಿ ಪುಸ್ತಕ ಇದ್ದರೆ ದಯವಿಟ್ಟು ತೆಗೆಸಿ. ಜನವರಿ ಮೂರನೇ ವಾರದ ಆಮೇಲೆ ಯಾರ ಹೆಸರಿನ ಮುಂದೆ ಬರೀ ಗೈರು ಇದೆಯೋ ಅವರ ಪಟ್ಟಿ ಮಾಡೋಣ. ಅವರಿಗೆಲ್ಲ ಈಗ ಎಪ್ಪತ್ತರ ಆಸುಪಾಸು, ತಡ ಮಾಡುವಂತಿಲ್ಲ. ಅಕ್ಕಲಕೋಟೆ, ಸೊಲ್ಲಾಪುರ, ವಿಜಯಪುರದ ಕಡೆ ಹೋಗಿ ಹುಡುಕಲು, ಅವರ ಮಾತು ರೆಕಾರ್ಡ್ ಮಾಡಿ ತರಲು ನಾನು ತಯಾರಿದ್ದೇನೆ. ಜೊತೆಗೆ ಬರುವವರು ಆಫೀಸಿನಲ್ಲಿ ಹೆಸರು ಕೊಟ್ಟಿರಿ.