ಎರಡು ಮುಚ್ಚಳದ ಫರ್ಗ್ಯೂಸನ್

ಭಾವ ಹಳೇ ಫರ್ಗ್ಯೂಸನ್ ಟ್ರ್ಯಾಕ್ಟರ್ ಒಂದನ್ನು ಕೊಂಡು ತಂದಮೇಲೆ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಂಡವು. ಒಂದು ಪೆಟ್ರೋಲ್ ಪಕ್ಷ, ಇನ್ನೊಂದು ಸೀಮೆಎಣ್ಣೆ ಪಕ್ಷ. ಟ್ಯಾಂಕಿಗೆ ಎರಡು ಮುಚ್ಚಳ ಇದ್ದದ್ದೇ ಇದಕ್ಕೆಲ್ಲ ಕಾರಣ. ಮಾರಿದವರು ದೊಡ್ಡ ಮುಚ್ಚಳದೊಳಗೆ ಸೀಮೆಎಣ್ಣೆಯನ್ನೇ ಸುರಿಯುತ್ತಿದ್ದರಂತೆ. ಹಾಗಾಗಿ ಭಾವ ಸೀಮೆಎಣ್ಣೆ ಕಡೆ. ಒಂದು ಭಾನುವಾರ ಭಾವ, ನಾನು ಇಬ್ಬರೂ ಕೂತು ಇದನ್ನು ಬಗೆಹರಿಸೋಣ ಅಂದುಕೊಂಡೆವು.

ಮೊದಲು ಹುಡುಕಿದ್ದು ಡ್ಯಾಶ್‌ಬೋರ್ಡ್ ಮೇಲಿನ ಸಣ್ಣ ತಗಡನ್ನು. ಬಟ್ಟೆಯಲ್ಲಿ ತಿಕ್ಕಿದಾಗ ಅಕ್ಷರ ಕಂಡವು. ಟಿಇ20 ಸಾಲಿನ ಈ ಟ್ರ್ಯಾಕ್ಟರ್‌ಗಳು 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದವು, ಐದು ಲಕ್ಷಕ್ಕೂ ಜಾಸ್ತಿ. ಯಾವ ಇಂಧನದ್ದು ಅನ್ನೋದು ಅಕ್ಷರದಲ್ಲೇ ಗೊತ್ತಾಗುತ್ತದೆ. ಟಿಇಎ ಅಂದರೆ ಪೆಟ್ರೋಲ್, ಟಿಇಎಫ್ ಅಂದರೆ ಡೀಸೆಲ್, ಟಿಇಡಿ ಅಂದರೆ ಟಿವಿಒ. ನಮ್ಮದು ಟಿಇಡಿ.

"ನಾನು ಹೇಳ್ಲಿಲ್ವೇನಯ್ಯಾ?" ಅಂದರು ಭಾವ.

ಅರ್ಧ ಸರಿ. ಟಿವಿಒ, ಅಂದರೆ ಟ್ರ್ಯಾಕ್ಟರ್ ವೇಪರೈಸಿಂಗ್ ಆಯಿಲ್, ಸೀಮೆಎಣ್ಣೆಯ ಜಾತಿಯದೇ. ಆದರೆ ದೀಪಕ್ಕೆ ಹಾಕುವ ಸೀಮೆಎಣ್ಣೆಗಿಂತ ಅದರ ಆಕ್ಟೇನ್ ಜಾಸ್ತಿ. ಪೆಟ್ರೋಲ್ ಮೇಲೆ ತೆರಿಗೆ ಭಾರವಾಗಿದ್ದ ಕಾಲದಲ್ಲಿ ಬ್ರಿಟನ್ನಿನ ರೈತರಿಗೆ ಇದು ಅಗ್ಗಕ್ಕೆ ಸಿಗುತ್ತಿತ್ತು. 1974ರಲ್ಲಿ ಅಲ್ಲಿ ಮಾರಾಟವೇ ನಿಂತುಹೋಯಿತು. ಚಿಕ್ಕ ಮುಚ್ಚಳದ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಬೇಕು, ಇಂಜಿನ್ ಚೆನ್ನಾಗಿ ಬಿಸಿಯಾದಮೇಲೆ ನಲ್ಲಿ ತಿರುಗಿಸಿ ದೊಡ್ಡ ಟ್ಯಾಂಕಿಗೆ ಬದಲಾಯಿಸಬೇಕು. ಹಳೇ ಪಂಪ್‌ಸೆಟ್ ಓಡಿಸಿದವರಿಗೆ ಇದೇನೂ ಹೊಸದಲ್ಲ.

ಎಲ್ಲ ನಿಂತಿರೋದು ಆ ಬಿಸಿಯ ಮೇಲೆ. ಸೀಮೆಎಣ್ಣೆ ಪೆಟ್ರೋಲ್‌ನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಅದಕ್ಕೇ ಇಂಜಿನ್ನಿನ ಗಾಳಿ, ಹೊಗೆ ಹಾಯುವ ಕೊಳವೆಗಳಲ್ಲಿ, ಅಂದರೆ ಮ್ಯಾನಿಫೋಲ್ಡ್‌ನಲ್ಲಿ, ಹೊಗೆಯ ಶಾಖದಿಂದಲೇ ಅದನ್ನು ಕಾಯಿಸುವ ಏರ್ಪಾಡು ಇದೆ. ಇಡೀ ದಿನ ನೇಗಿಲು ಎಳೆಯುವ ಗಾಡಿಗೆ ಅದು ಸಾಕು. ಭಾವನ ಗಾಡಿ ಮಾಡುವ ಕೆಲಸ ಏನು? ಶೆಡ್ಡಿನಿಂದ ಆಚೆ ಬರೋದು, ನೆಂಟರಿಗೆ ಮುಖ ತೋರಿಸೋದು, ಒಂದು ಸುತ್ತು ಹಾಕಿ ಒಳಗೆ ಹೋಗೋದು.

"ನೋಡು, ಈ ಗಾಡಿ ಆಯಿಲ್ ಕುಡಿಯೋದೇ ಇಲ್ಲ," ಅಂತ ಹೆಮ್ಮೆಯಿಂದ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ತೋರಿಸಿದರು. ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು. ಯಾರೂ ಹಾಕದೆ ಆಯಿಲ್ ಏರುತ್ತಾ? ಬೆರಳಿಗೆ ಹಚ್ಚಿ ಉಜ್ಜಿದೆ. ನೀರಿನ ಹಾಗೆ ತೆಳ್ಳಗೆ, ಜಿಡ್ಡೇ ಇಲ್ಲ. ಮೂಸಿದರೆ ಸೀಮೆಎಣ್ಣೆ. ತಣ್ಣಗಿನ ಇಂಜಿನ್‌ನಲ್ಲಿ ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನೂ ತೊಳೆದುಕೊಂಡು ಕೆಳಗೆ ಇಳಿದಿತ್ತು. ಹೀಗೇ ಬಿಟ್ಟರೆ ಬೇರಿಂಗ್‌ಗಳ ಗತಿ ಅಷ್ಟೇ. ಭಾವ ಡಿಪ್‌ಸ್ಟಿಕ್ಕನ್ನು ತಾವೂ ಮೂಸಿದರು. ಆಮೇಲೆ ಸೀಮೆಎಣ್ಣೆ ಪಕ್ಷದ ಮಾತು ಬರಲಿಲ್ಲ.

ಸರಿ, ಪೆಟ್ರೋಲ್. ಆದರೆ ಭಾವನಿಗೆ ಈಗ ದುಬಾರಿ ಪೆಟ್ರೋಲೇ ಬೇಕು. "ಹಳೇ ಗಾಡಿ, ಒಳ್ಳೇದೇ ಹಾಕೋಣ." ಆಕ್ಟೇನ್ ಅನ್ನೋದು ಶಕ್ತಿಯ ಲೆಕ್ಕ ಅಲ್ಲ ಭಾವ, ಇಂಧನ ಹೊತ್ತಲ್ಲದ ಹೊತ್ತಲ್ಲಿ ಉರಿದು ಇಂಜಿನ್ ಬಡಿದುಕೊಳ್ಳೋದನ್ನ ತಡೆಯೋ ಲೆಕ್ಕ ಅಂದೆ. ಈ ಇಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಇಂಧನ-ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನೋದು, 5ರ ಆಸುಪಾಸು, ಇವತ್ತಿನ ಕಾರುಗಳದ್ದು 10 ಮತ್ತು ಅದಕ್ಕೂ ಮೇಲೆ. ಮಾಮೂಲಿ ಪೆಟ್ರೋಲೇ ಇದಕ್ಕೆ ಬೇಕಾದಷ್ಟಾಯಿತು. ಸೀಸ ಇಲ್ಲದ ಪೆಟ್ರೋಲ್ ವಾಲ್ವ್ ಸೀಟನ್ನು, ಅಂದರೆ ವಾಲ್ವ್ ಕೂರುವ ಜಾಗವನ್ನು, ತಿನ್ನುತ್ತೆ ಅಂತ ಹೆದರಿಸುವವರೂ ಇದ್ದಾರೆ. ಜೋರಾಗಿ ತಿರುಗುವ, ಭಾರ ಹೊತ್ತು ಗಂಟೆಗಟ್ಟಲೆ ಓಡುವ ಇಂಜಿನ್‌ಗೆ ಆ ಭಯ ಸರಿ. ನಿಮಿಷಕ್ಕೆ 2000 ಸುತ್ತು ಸುತ್ತಿದರೆ ಹೆಚ್ಚು ಅನ್ನಿಸುವ ಈ ಮುದುಕನಿಗೆ, ಅದೂ ಸುತ್ತಾಡುವ ಕೆಲಸಕ್ಕೆ, ನಾನಂತೂ ತಲೆಕೆಡಿಸಿಕೊಳ್ಳಲ್ಲ.

ನನ್ನ ತಲೆನೋವು ಪೆಟ್ರೋಲಿಗೆ ಬೆರೆಸುವ ಎಥನಾಲ್. ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಾಗ ತಳದಲ್ಲಿ ಬಿಳಿ ಪುಡಿ, ಅಂಚಿನಲ್ಲಿ ಹಸಿರು ಕಿಲುಬು. ಪೆಟ್ರೋಲಿನ ರಬ್ಬರ್ ಪೈಪು ಹಿಸುಕಿದರೆ ಬೆರಳಿಗೆ ಕಪ್ಪು ಮೆತ್ತಿಕೊಳ್ಳುತ್ತಿತ್ತು. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ. ಬೆರಕೆ ಇಲ್ಲದ್ದು ಸಿಕ್ಕರೆ ಅದನ್ನೇ ಹಾಕಬೇಕು. ಸಿಗದಿದ್ದರೆ ಎಥನಾಲ್ ತಡೆಯುವ ಪೈಪು, ವಾಷರ್ ಹಾಕಲೇಬೇಕು. ನಾವು ಎರಡನ್ನೂ ಬದಲಾಯಿಸಿದೆವು, ಇಂಜಿನ್ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿದೆವು.

ಸಂಜೆ ಭಾವ ಗೇರ್ ಲಿವರನ್ನು 'ಎಸ್' ಗುರುತಿಗೆ ತಳ್ಳಿದರು. ಈ ಗಾಡಿಯಲ್ಲಿ ಸ್ಟಾರ್ಟ್ ಮಾಡೋದೂ ಗೇರ್ ಲಿವರಿನಿಂದಲೇ. ಹೊಗೆ ಕಡಿಮೆಯಾಗಿತ್ತು. ಟ್ಯಾಂಕ್ ತುಂಬಿಸಬೇಡಿ, ಪೆಟ್ರೋಲ್ ಕೆಲವೇ ತಿಂಗಳಲ್ಲಿ ಹಳಸುತ್ತೆ ಅಂದಿದ್ದೆ. ಒಳಗೆ ನಿಲ್ಲಿಸುವಾಗ ನಲ್ಲಿ ಮುಚ್ಚಿ, ಬಟ್ಟಲು ಖಾಲಿಯಾಗಿ ತಾನಾಗೇ ನಿಲ್ಲುವವರೆಗೆ ಓಡಿಸಿ ಅಂತಲೂ ಹೇಳಿದೆ. ಮಿಕ್ಕ ಸೀಮೆಎಣ್ಣೆ ಕ್ಯಾನನ್ನು ಭಾವ ಎಸೆಯಲಿಲ್ಲ, ನಟ್ಟು ಬೋಲ್ಟು ತೊಳೆಯೋಕೆ ಅಂತ ಇಟ್ಟುಕೊಂಡರು. ಮುಂದೆ ನೇಗಿಲು ಕಟ್ಟಿ ದಿನವಿಡೀ ಉಳುವುದಾದರೆ ಅದಕ್ಕೆ ಪೆಟ್ರೋಲ್ ಬೆರೆಸಿ ಟಿವಿಒ ಥರ ಮಾಡಿಕೊಳ್ಳುವ ಮಾತು ಎತ್ತಬಹುದು. ಅವರು ಉಳುತ್ತಾರೆ ಅಂತ ಅಕ್ಕನಿಗೂ ನಂಬಿಕೆ ಇಲ್ಲ.