ಹಳೆ ಜೋಂಗಾ: ಮೊದಲು ಚಾಸಿಸ್, ಆಮೇಲೆ ಬ್ರೇಕ್, ಕೊನೆಗೆ ಎಂಜಿನ್

ಸೇನೆಯ ಹರಾಜಿನಲ್ಲಿ ಕೊಂಡ ಜೋಂಗಾ ಜೀಪು ಅಂಗಳಕ್ಕೆ ಬಂದು ನಿಂತ ಕೂಡಲೇ ಎಲ್ಲರ ಕೈ ಹೋಗುವುದು ಬಾನೆಟ್ಟಿಗೆ. ಅದು ತಪ್ಪು. ಜಬಲ್ಪುರದಲ್ಲಿ 1969ರಿಂದ 1999ರವರೆಗೆ ತಯಾರಾದ ಈ ಗಾಡಿಗೆ ನಿಸ್ಸಾನಿನ ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್ ಎಂಜಿನ್. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ಮುಚ್ಚಿಟ್ಟರೆ ಅದು ಕಾಯುತ್ತದೆ. ಕಾಸರಗೋಡಿನ ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೆ ಸಿಕ್ಕ ಚಾಸಿಸ್, ಅಂದರೆ ಗಾಡಿಯನ್ನು ಹೊರುವ ಅಡಿಚೌಕಟ್ಟು, ಕಾಯುವುದಿಲ್ಲ.

ಸ್ಪ್ರಿಂಗ್ ಹಿಡಿದಿಡುವ ಹ್ಯಾಂಗರಿನ ಹಿಂಬದಿಯಲ್ಲಿ, ಚಾಸಿಸ್ಸಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಸೇರುವ ಮೂಲೆಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡಿರುತ್ತದೆ. ತೇವ ಹಿಡಿದಿಡುವುದೇ ಅದು. ಪೂರ್ತಿ ತೊಳೆದು ಒಣಗಿಸಿ, ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೂ ತಟ್ಟಿ. 'ಟಣ್' ಅಂದರೆ ಗಟ್ಟಿ, 'ದಬ್' ಅಂದರೆ ಒಳಗೆ ಟೊಳ್ಳು. ಟೊಳ್ಳಾದ ಭಾಗವನ್ನು ಒಳ್ಳೆಯ ಕಬ್ಬಿಣ ಸಿಗುವವರೆಗೂ ಕತ್ತರಿಸಿ ತೆಗೆದು, ಅದೇ ದಪ್ಪದ ತಗಡು ಬೆಸೆಯಬೇಕು. ತುಕ್ಕಿನ ಮೇಲೆಯೇ ಪಟ್ಟಿ ಬೆಸೆದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ. ಪಟ್ಟಿಯ ಅಂಚು ಚಾಸಿಸ್ಸಿಗೆ ನೇರ ಅಡ್ಡವಾಗಿ ಬರಬಾರದು, ಓರೆಯಾಗಿರಲಿ. ಅಡ್ಡ ಬೆಸುಗೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ. ಬೆಸುಗೆಗೆ ಮೊದಲು ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡನ್ನೂ ಇಳಿಸಿಬಿಡಿ. ತುಕ್ಕು ತಡೆಯುವ ತಳಬಣ್ಣ ಎಪಾಕ್ಸಿ ಪ್ರೈಮರ್ ಬಳಿಯಲು ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ನಮ್ಮ ಮಳೆಗಾಲದಲ್ಲಿ ಬಳಿದರೆ ಅಡಿಯಲ್ಲಿ ತೇವ ಕೂತು ಬಣ್ಣ ಗುಳ್ಳೆ ಏಳುತ್ತದೆ.

ಬ್ರೇಕಿನಲ್ಲಿ ಉಳಿತಾಯ ಮಾಡಲೇಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ನಿಂತ ಗಾಡಿಯ ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಶೂವನ್ನು ಒತ್ತುವ ಭಾಗ) ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅದರ ಬೋರಿನೊಳಗೆ ಉಗುರು ಆಡಿಸಿ ನೋಡಿ, ಕುಳಿಗೆ ತಗುಲಿದರೆ ಉಜ್ಜಿ ನಯ ಮಾಡುವ ಹೋನಿಂಗ್ ಸಾಲದು. ಹೊಸ ಸಿಲಿಂಡರ್, ಇಲ್ಲವೇ ಲೇತಿನಲ್ಲಿ ಒಳಗೊಂದು ಹೊಸ ಕೊಳವೆ (ಸ್ಲೀವ್) ಕೂರಿಸಿ. ಸಿಲಿಂಡರಿನೊಳಗಿನ ರಬ್ಬರ್ ಕಪ್ಪನ್ನು ಪೆಟ್ರೋಲಿನಲ್ಲಿ, ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ ಹಲವರಿಗಿದೆ. ಅದರಿಂದ ಕಪ್ ಊದಿಕೊಂಡು ಬ್ರೇಕ್ ಹಿಡಿದುಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ. ಹೊರಗೆ ಚೆನ್ನಾಗಿ ಕಂಡರೂ ಹಳೆ ಹೋಸ್‌ಗಳನ್ನು ಬದಲಿಸಿ. ಒಳಪದರ ಊದಿದ ಹೋಸ್ ಆಯಿಲನ್ನು ಮುಂದೆ ಬಿಡುತ್ತದೆ, ಹಿಂದೆ ಬಿಡುವುದಿಲ್ಲ; ಬ್ರೇಕ್ ಬಿಡದೆ ಡ್ರಮ್ ಬಿಸಿಯಾಗುತ್ತದೆ. ಪೈಪಿಗೆ ತಾಮ್ರ ಬೇಡ, ಅದುರಿ ಅದುರಿ ಪೆಡಸಾಗಿ ಸೀಳುತ್ತದೆ. ತಾಮ್ರ-ನಿಕ್ಕಲ್ ಪೈಪ್ ಹಾಕಿ, ತುದಿಯನ್ನು ಎರಡು ಮಡಿಕೆಯಾಗಿ ಅಗಲಿಸುವ ಡಬಲ್ ಫ್ಲೇರ್ ಮಾಡಿಸಿ. ಗಾಳಿ ತೆಗೆಯುವಾಗ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಸರ್ಕ್ಯೂಟಿನ ಗಾಡಿಯಾದರೆ ಎಲ್ಲೋ ಒಂದು ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಚೆರ್ಕಳ–ಜಾಲ್ಸೂರು ರಸ್ತೆಯ ಇಳಿಜಾರಿನಲ್ಲಿ ಹಾಗಾದರೆ ಏನು ಗತಿ?

ಆಮೇಲೆ ಎಂಜಿನ್. ಮೊದಲು ಕೈಯಿಂದ ಎಂಜಿನ್ ತಿರುಗಿಸುವ ಹ್ಯಾಂಡಲಿನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ತಿರುಗದಿದ್ದರೆ ಸ್ಟಾರ್ಟರ್ ಒತ್ತಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಇಂಧನ ಹೋಸ್, ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಎರಡೂ ಎಥನಾಲ್ ತಾಳುವಂಥವೇ ಆಗಬೇಕು.

ಬಣ್ಣಕ್ಕೆ ಆಲಿವ್ ಹಸಿರಿನ ಆಸೆ ಬೇಡ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಅದು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮೀಸಲು. ತೆಳು ಮರಳು ಬಣ್ಣ ಜೋಂಗಾಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.