ಕೂಗದಿದ್ದರೆ ಅದು ಹೋರಾಟದ ಹಾಡಲ್ವಾ?

ನಾನು ಎಲೆಕ್ಟ್ರಾನಿಕ್ ಸಂಗೀತ ಜಾಸ್ತಿ ಕೇಳುತ್ತೇನೆ ಅಂತ ಗೊತ್ತಿರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಕ್ರಾಫ್ಟ್‌ವರ್ಕ್‌ ತಂಡದವರ 'ರೇಡಿಯೋಆ್ಯಕ್ಟಿವಿಟಿ'ನ ಹೋರಾಟದ ಹಾಡು ಅಂತೀರಲ್ಲ, ಅದು ಹೇಗೆ? ಅದರಲ್ಲಿ ಸಿಟ್ಟೇ ಇಲ್ಲ. ನಾಲ್ಕು ಜನ ಗೊಂಬೆಗಳ ಹಾಗೆ ನಿಂತುಕೊಂಡಿರುತ್ತಾರೆ ಅಷ್ಟೇ."

ಈ ಅನುಮಾನ ಯಾಕೆ ಬರುತ್ತದೆ ಅಂತ ನನಗೆ ಗೊತ್ತು. ನಮಗೆ ಹೋರಾಟದ ಹಾಡು ಅಂದರೆ ತಮಟೆ. ಒಬ್ಬರು ಸಾಲು ಎತ್ತಬೇಕು, ಉಳಿದವರು ದನಿ ಸೇರಿಸಬೇಕು, ಬೀದಿ ತುಂಬಬೇಕು. ಅಂಥ ಹಾಡು ಕೇಳಿದಾಗ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಈ ಹಾಡು ವಿಕಿರಣದ ಬಗ್ಗೆ, ವಿಕಿರಣದ ಸಂಗತಿ ಬೇರೆ. ಅದು ಕಣ್ಣಿಗೆ ಕಾಣುವುದಿಲ್ಲ. ವಾಸನೆ ಇಲ್ಲ, ರುಚಿ ಇಲ್ಲ, ಸದ್ದೂ ಇಲ್ಲ. ಪಕ್ಕದಲ್ಲೇ ಇದ್ದರೂ ನಮಗೆ ತಿಳಿಯುವುದಿಲ್ಲ. ಅದು ಇದೆ ಅಂತ ಹೇಳಬೇಕಾದರೆ ಒಂದು ಯಂತ್ರವೇ ಬೇಕು. ಹಾಗಿದ್ದ ಮೇಲೆ ಅದರ ಮೇಲಿನ ಹಾಡು ಯಂತ್ರದ ದನಿಯಲ್ಲಿ ಇರುವುದೇ ಸರಿ ಅಂತ ನನಗನ್ನಿಸುತ್ತದೆ.

ಮೊನ್ನೆ ಅಕ್ಕನ ಮಗನಿಗೆ ಹಾಡು ಕೇಳಿಸಿದೆ. 1975ರ ಆಲ್ಬಮ್ಮನ್ನು ಮೊದಲಿನಿಂದಲೇ ಹಾಕಿದೆ. ಮೊದಲ ತುಣುಕಿನ ಹೆಸರು 'ಗೈಗರ್ ಕೌಂಟರ್', ಅಂದರೆ ವಿಕಿರಣ ಪತ್ತೆ ಹಚ್ಚುವ ಮೀಟರು. ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಟಪ್. ಸ್ವಲ್ಪ ಬಿಟ್ಟು ಇನ್ನೊಂದು ಟಪ್. "ಮಾಮ, ಸ್ಪೀಕರ್ ಕೆಟ್ಟಿದ್ಯಾ?" ಅಂದ. ತಡಿ ಅಂದೆ. ಟಪ್‌ಗಳ ನಡುವಿನ ಅಂತರ ಕಮ್ಮಿಯಾಗುತ್ತಾ ಬಂತು. ಮೀಟರು ಏನೋ ಪತ್ತೆ ಹಚ್ಚಿದೆ, ಹತ್ತಿರ ಹೋಗುತ್ತಿದ್ದೇವೆ ಅಂತ ಕಿವಿಗೇ ಗೊತ್ತಾಗುತ್ತದೆ. ನೋಡನೋಡುತ್ತಾ ಅದೇ ಸದ್ದು ತಾಳವಾಗಿಬಿಡುತ್ತದೆ, ಹಾಡು ಶುರುವಾಗುತ್ತದೆ. ಮೇಲಿನಿಂದ ಚರ್ಚಿನ ಕೋರಸ್ಸಿನಂಥ ದನಿ ಇಳಿಯುತ್ತದೆ. ಅದೂ ಮನುಷ್ಯರದ್ದಲ್ಲ, ಆರ್ಕೆಸ್ಟ್ರಾನ್ ಅನ್ನುವ ಕೀಬೋರ್ಡಿನದು. ನಡುವೆ ಮೋರ್ಸ್ ಸಂಕೇತದ ಬೀಪ್ ಬೀಪ್ ಬರುತ್ತದೆ. ಅದರಲ್ಲಿ ಅಕ್ಷರ ಅಕ್ಷರವಾಗಿ ಬರುವುದು ಹಾಡಿನ ಹೆಸರೇ. ಹುಡುಗ ಆಮೇಲೆ ಮಾತಾಡಲಿಲ್ಲ.

ತಂಡ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನದು. 1970ರಲ್ಲಿ ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಶ್ನೈಡರ್ ಸೇರಿ ಕಟ್ಟಿದ್ದು. ಕ್ರಾಫ್ಟ್‌ವರ್ಕ್ ಅಂದರೆ ಜರ್ಮನ್ ಭಾಷೆಯಲ್ಲಿ ವಿದ್ಯುತ್ ಸ್ಥಾವರ. ಹೆಸರೇ ಕರೆಂಟಿನದು! 1975ರ ಆಲ್ಬಮ್ಮಿನ ಶೀರ್ಷಿಕೆಯಲ್ಲಿ 'ರೇಡಿಯೋ' ಮತ್ತು 'ಆ್ಯಕ್ಟಿವಿಟಿ' ಮಧ್ಯೆ ಒಂದು ಅಡ್ಡಗೆರೆ ಇದೆ. ಅರ್ಧ ಆಲ್ಬಮ್ ಆಕಾಶವಾಣಿಯ ಅಲೆಗಳ ಬಗ್ಗೆ, ಇನ್ನರ್ಧ ಅಣುವಿನ ಬಗ್ಗೆ. ಮುಖಪುಟದಲ್ಲಿ ಇರುವುದು ನಾಜಿಗಳ ಕಾಲದ ಅಗ್ಗದ ರೇಡಿಯೋ. ಮನೆಮನೆಗೂ ತಮ್ಮ ಪ್ರಚಾರ ಮುಟ್ಟಲಿ ಅಂತ ಆ ಸರ್ಕಾರ ಕಮ್ಮಿ ಬೆಲೆಗೆ ಮಾಡಿಸಿದ್ದ ಪೆಟ್ಟಿಗೆ. ಗಾಳಿಯಲ್ಲಿ ಬಂದು ಹೇಳದೇ ಕೇಳದೇ ಮನೆಯೊಳಗೆ ನುಗ್ಗುವ ವಿಷ ಒಂದೇ ಥರದ್ದಲ್ಲ ಅಂತ ಆ ಚಿತ್ರ ನೋಡಿದಾಗಲೆಲ್ಲ ನನಗನ್ನಿಸುತ್ತದೆ.

ಆದರೂ ನಿಜ ಹೇಳಬೇಕು. 1975ರ ಹಾಡು ಹೋರಾಟದ ಹಾಡಲ್ಲ. ಅದು ಗಾಳಿಯಲ್ಲಿದೆ, ನಿನಗೂ ನನಗೂ ಅಂತ, ಕಂಡುಹಿಡಿದದ್ದು ಮೇಡಂ ಕ್ಯೂರಿ ಅಂತ ಹೇಳಿ ಸುಮ್ಮನಾಗುತ್ತದೆ. ಅದೇ ವರ್ಷದ ಫೆಬ್ರವರಿಯಲ್ಲಿ ಪಶ್ಚಿಮ ಜರ್ಮನಿಯ ವೀಲ್ ಅನ್ನುವ ಹಳ್ಳಿಯಲ್ಲಿ ರೈತರು, ದ್ರಾಕ್ಷಿ ಬೆಳೆಗಾರರು, ವಿದ್ಯಾರ್ಥಿಗಳು ಅಣುಸ್ಥಾವರ ಕಟ್ಟುವ ಜಾಗಕ್ಕೇ ನುಗ್ಗಿ ಕೂತಿದ್ದರು. ಆ ಸ್ಥಾವರ ಕೊನೆಗೂ ಏಳಲೇ ಇಲ್ಲ. ಇಂಥ ಕಾಲದಲ್ಲಿ ಬಂದ ಹಾಡು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಹೊಗಳಿಕೆಯೋ ಎಚ್ಚರಿಕೆಯೋ ಗೊತ್ತಾಗುವುದಿಲ್ಲ. ಪ್ರಶ್ನೆ ಕೇಳುವವರು ಈ ಮೊದಲ ಹಾಡನ್ನಷ್ಟೇ ಕೇಳಿದ್ದರೆ ಅವರ ಮಾತು ನೂರಕ್ಕೆ ನೂರು ಸರಿ.

ನಾನು ಹೇಳುವುದು 1991ರ ಹಾಡಿನ ಬಗ್ಗೆ.

ಅಷ್ಟರಲ್ಲಿ 1979ರಲ್ಲಿ ಅಮೆರಿಕದ ಹ್ಯಾರಿಸ್‌ಬರ್ಗ್ ಹತ್ತಿರ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತ ಆಗಿತ್ತು. 1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರ ಸಿಡಿದಿತ್ತು. ಅದರ ಮೋಡ ಜರ್ಮನಿಯ ಮೇಲೂ ಹಾದುಹೋಯಿತು. ಗಾಳಿಯಲ್ಲಿದೆ ಅಂತ ಹಾಡಿದ್ದು ಅಕ್ಷರಶಃ ನಿಜವಾಗಿಬಿಟ್ಟಿತು. ಕ್ರಾಫ್ಟ್‌ವರ್ಕ್ ತಮ್ಮ ಹಳೆಯ ಹಾಡುಗಳನ್ನು ಹೊಸದಾಗಿ ಮಾಡಿ 1991ರಲ್ಲಿ 'ದಿ ಮಿಕ್ಸ್' ಆಲ್ಬಮ್ ತಂದರು. ಅದರಿಂದ ಈ ಹಾಡನ್ನು ಸಿಂಗಲ್ ಆಗಿಯೂ ಬಿಟ್ಟರು. ಶುರುವಿನಲ್ಲೇ ಯಂತ್ರದ ದನಿ ನಾಲ್ಕು ಹೆಸರು ಹೇಳುತ್ತದೆ: ಚೆರ್ನೋಬಿಲ್, ಹ್ಯಾರಿಸ್‌ಬರ್ಗ್, ಸೆಲ್ಲಾಫೀಲ್ಡ್ (ಇಂಗ್ಲೆಂಡಿನ ಅಣುಕೇಂದ್ರ), ಹಿರೋಶಿಮಾ. ಮೇಷ್ಟ್ರು ಹಾಜರಿ ಕರೆದ ಹಾಗೆ. ಒಂದು ಹೆಸರಿಗೆ ದನಿ ಏರುವುದಿಲ್ಲ, ಇನ್ನೊಂದಕ್ಕೆ ಇಳಿಯುವುದಿಲ್ಲ. ಆಮೇಲೆ ಹಾಡಿನ ಹೆಸರಿಗೆ ಮೊದಲು ಒಂದೇ ಒಂದು ಪದ ಸೇರುತ್ತದೆ: ಸ್ಟಾಪ್.

ಈ ಒಂದು ಪದವನ್ನು ನಾನು ಅಷ್ಟು ದೊಡ್ಡದು ಮಾಡುವುದಕ್ಕೆ ಕಾರಣ ಇದೆ. ಹೊಸ ಹಾಡು ಬರೆಯುವುದು ಸುಲಭ. ಹಳೆಯದನ್ನು ಹಾಗೇ ಬಿಟ್ಟು, ಅದು ಮೊದಲಿನಿಂದಲೂ ಎಚ್ಚರಿಕೆಯೇ ಆಗಿತ್ತು ಅಂತ ಹೇಳಿಕೊಂಡು ಓಡಾಡುವುದು ಇನ್ನೂ ಸುಲಭ. ಇವರು ಜನ ಮೆಚ್ಚಿದ ತಮ್ಮದೇ ಹಾಡನ್ನು ಹದಿನಾರು ವರ್ಷದ ಮೇಲೆ ತೆಗೆದು, ಎಲ್ಲರ ಎದುರು ತಿದ್ದಿದರು. ರಾಗ ಅದೇ, ಮೋರ್ಸ್ ಬೀಪ್ ಅದೇ. ನಿಲುವು ಮಾತ್ರ ಹೊಸದು. ಅವತ್ತಿನಿಂದ ವೇದಿಕೆಯ ಮೇಲೆ ತಿದ್ದಿದ ಹಾಡನ್ನೇ ಹಾಡುತ್ತಾ ಬಂದಿದ್ದಾರೆ.

ಸುಮ್ನೆ ಸ್ಟುಡಿಯೋದಲ್ಲಿ ಕೂತು ಹೇಳಿದ್ದೂ ಅಲ್ಲ. 1992ರ ಜೂನ್ 19ರಂದು ಮ್ಯಾಂಚೆಸ್ಟರ್‌ನಲ್ಲಿ ಗ್ರೀನ್‌ಪೀಸ್ ಅನ್ನುವ ಪರಿಸರ ಸಂಘಟನೆ ಸೆಲ್ಲಾಫೀಲ್ಡ್ ವಿರುದ್ಧ ಸಂಗೀತ ಕಛೇರಿ ಇಟ್ಟಿತ್ತು. ಯು2, ಪಬ್ಲಿಕ್ ಎನಿಮಿ ತಂಡಗಳ ಜೊತೆ ಕ್ರಾಫ್ಟ್‌ವರ್ಕ್ ಕೂಡ ನುಡಿಸಿದರು. ಐರಿಷ್ ಸಮುದ್ರದ ದಡದಲ್ಲಿರುವ ಸೆಲ್ಲಾಫೀಲ್ಡ್‌ನಲ್ಲಿ ಬಳಸಿದ ಅಣು ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಹೊಸ ಘಟಕ ಶುರುವಾಗುವುದರಲ್ಲಿತ್ತು. ಕ್ರಾಫ್ಟ್‌ವರ್ಕ್ ಈ ಹಾಡಿಗೆ ಮುಂಚೆ ಯಂತ್ರದ ದನಿಯಲ್ಲಿ ಆ ಘಟಕದ ಲೆಕ್ಕ ಓದಿಸುತ್ತಿದ್ದರು. ವರ್ಷಕ್ಕೆ ಇಷ್ಟು ಟನ್ ಪ್ಲುಟೋನಿಯಂ, ಒಂದು ಬಾಂಬಿಗೆ ಇಷ್ಟು ಕಿಲೋ ಸಾಕು ಅಂತ. ಬೈಗುಳವಿಲ್ಲ, ಲೆಕ್ಕ ಮಾತ್ರ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಹಾಡಿದರಲ್ಲ, ನಿಂತಿತಾ?" ಅಂತಲೂ ಕೆಲವರು ಕೇಳುತ್ತಾರೆ. ಇಲ್ಲ. ಆ ಘಟಕ 1994ರಲ್ಲಿ ಶುರುವಾಯಿತು, 2018ರವರೆಗೆ ನಡೆಯಿತು. ಜರ್ಮನಿಯ ಕೊನೆಯ ಮೂರು ಅಣುಸ್ಥಾವರ ಮುಚ್ಚಿದ್ದು 2023ರ ಏಪ್ರಿಲ್ 15ಕ್ಕೆ. ಅದರ ಹಿಂದೆ ವೀಲ್‌ನ ಚಳಿಯಲ್ಲಿ ಕೂತವರಂಥ ಸಾವಿರಾರು ಜನರ ದುಡಿಮೆ ಇದೆ, ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತದ ಪೆಟ್ಟು ಇದೆ. ಅದರ ಶ್ರೇಯ ಹಾಡಿಗೆ ಕೊಡಲು ನಾನು ಹೊರಟಿಲ್ಲ. ಅಣುವಿದ್ಯುತ್ ಬೇಕು ಅನ್ನುವವರ ವಾದವೂ ನನಗೆ ಗೊತ್ತು, ಕಲ್ಲಿದ್ದಲ ಹೊಗೆಗಿಂತ ಇದೇ ವಾಸಿ ಅನ್ನುತ್ತಾರೆ. ಆ ಚರ್ಚೆ ನಡೆಯಲಿ. ಈ ಹಾಡು ಯಾವ ಕಡೆ ನಿಂತಿದೆ ಅನ್ನುವುದರಲ್ಲಿ ಮಾತ್ರ ಈಗ ಯಾರಿಗೂ ಅನುಮಾನ ಇರಬಾರದು.

2011ರ ಮಾರ್ಚ್‌ನಲ್ಲಿ ಫುಕುಶಿಮಾ ಆಯಿತು. ಮರುವರ್ಷ ಜುಲೈನಲ್ಲಿ ಟೋಕಿಯೋ ಪಕ್ಕದ ಚಿಬಾದಲ್ಲಿ ಸಂಗೀತಗಾರ ರ್ಯುಯಿಚಿ ಸಕಾಮೊಟೊ 'ನೋ ನ್ಯೂಕ್ಸ್' (ಅಣು ಬೇಡ) ಅನ್ನುವ ಸಂಗೀತ ಕಛೇರಿ ಏರ್ಪಡಿಸಿದರು. ಕ್ರಾಫ್ಟ್‌ವರ್ಕ್ ಅಲ್ಲಿ ಈ ಹಾಡನ್ನು ಜಪಾನಿ ಸಾಲುಗಳ ಜೊತೆ ಹಾಡಿದರು. ಆ ಸಾಲುಗಳಿಗೆ ಸಕಾಮೊಟೊ ಅವರೇ ನೆರವಾಗಿದ್ದರು. ಜಪಾನಿನಲ್ಲೂ ವಿಕಿರಣ, ಗಾಳಿ ನೀರು ಎಲ್ಲದರಲ್ಲೂ, ಈಗಲೇ ನಿಲ್ಲಿಸಿ ಅಂತ. ಆಗ ಹ್ಯೂಟರ್‌ಗೆ ಅರವತ್ತೈದು. ದನಿ ಅವತ್ತೂ ಏರಲಿಲ್ಲ.

ಅಕ್ಕನ ಮಗನಿಗೆ ಕೊನೆಗೆ 2017ರಲ್ಲಿ ಬಂದ ಅವರ ಲೈವ್ ಆಲ್ಬಮ್ಮಿನಿಂದ ಇದೇ ಹಾಡು ಹಾಕಿದೆ. ಹೆಸರುಗಳು ಬಂದವು. ಚೆರ್ನೋಬಿಲ್, ಹ್ಯಾರಿಸ್‌ಬರ್ಗ್, ಸೆಲ್ಲಾಫೀಲ್ಡ್. "ನಾಲ್ಕನೇದು ಬೇರೆ ಇತ್ತಲ್ವಾ ಮಾಮ?" ಅಂದ. ಹೌದು. ಹಿರೋಶಿಮಾ ಇದ್ದ ಜಾಗದಲ್ಲಿ ಈಗ ಫುಕುಶಿಮಾ ಇದೆ. ತಾಳ ಒಂದಿಷ್ಟೂ ತಪ್ಪಿಲ್ಲ.